ನೇತ್ರಾಣಿಗೆ ಜೆಟ್ಟಿ ಬೇಡ

ಮುರುಡೇಶ್ವರಕ್ಕೆ ಬಂದ ಪ್ರವಾಸಿಗರ ಬಾಯಲ್ಲೂ, ಕರಾವಳಿಯ ಪ್ರವಾಸೋದ್ಯಮದ ಬಗ್ಗೆ ಭಾಷಣ ಮಾಡುವವರ ಬಾಯಲ್ಲೂ ಒಂದೇ ಮಾತು ಕೇಳುತ್ತೇನೆ. ನೇತ್ರಾಣಿಯನ್ನು ಇಷ್ಟು ದೂರದಿಂದ ನೋಡಿ ಏನು ಬಂತು, ಹೋಗಿ ಕಾಲಿಟ್ಟು ಬರುವಂತಿರಬೇಕು. ಜೆಟ್ಟಿ ಕಟ್ಟಿ, ಲಾಂಚು ಬಿಡಿ, ಮೇಲೆ ಹತ್ತಲು ಮೆಟ್ಟಿಲು ಮಾಡಿ, ಅಲ್ಲೊಂದು ಕ್ಯಾಂಟೀನು ಇಡಿ. ನಮ್ಮಲ್ಲೇ ಇಂಥ ದ್ವೀಪ ಇರುವಾಗ ಜನ ಮಾಲ್ಡೀವ್ಸಿಗೆ ಯಾಕೆ ಹೋಗಬೇಕು? ಈ ಮಾತಿಗೆ ಎದುರಾಡುವವರು ಕಡಿಮೆ. ಎದುರಾಡಿದವರಿಗೆ ಅಭಿವೃದ್ಧಿ ವಿರೋಧಿ ಎಂಬ ಹಣೆಪಟ್ಟಿ ಕಟ್ಟಿ ಮಾತು ಮುಗಿಸುತ್ತಾರೆ. ನಾನು ಎದುರಾಡಲೆಂದೇ ಬರೆಯುತ್ತಿದ್ದೇನೆ. ಮನುಷ್ಯರಿಲ್ಲದ ದ್ವೀಪವನ್ನು ದಡದಲ್ಲಿ ನಿಂತು ನೋಡುವುದನ್ನು ಕೈಲಾಗದವರ ಅರೆಬರೆ ನೋಟ ಎಂದು ತಳ್ಳಿಹಾಕುವುದು ತಪ್ಪು. ಅಂಥ ದ್ವೀಪವನ್ನು ನೋಡಬೇಕಾದದ್ದೇ ಹಾಗೆ.

ನೇತ್ರಾಣಿ ಮುರುಡೇಶ್ವರದಿಂದ ನೈಋತ್ಯಕ್ಕೆ ಸುಮಾರು 19 ಕಿ.ಮೀ. ದೂರದಲ್ಲಿದೆ. ಬ್ರಿಟಿಷರ ನಕಾಶೆಗಳಲ್ಲಿ ಅದಕ್ಕೆ ಪಿಜನ್ ಐಲೆಂಡ್ ಎಂದು ಹೆಸರು. ಮರಳಿನ ದಂಡೆ ಎಂಬುದಿಲ್ಲ. ನೀರಿನಿಂದ ಕಡಿದಾಗಿ ಎದ್ದ ಬಂಡೆ, ಅದರ ನೆತ್ತಿಯ ಮೇಲೆ ದಟ್ಟ ಹಸಿರು. ಬಿಳಿ ಹೊಟ್ಟೆಯ ಕಡಲ ಗಿಡುಗ ಅಲ್ಲಿ ಗೂಡು ಕಟ್ಟುತ್ತದೆ. ಸುತ್ತಲಿನ ನೀರಿನಲ್ಲಿ ಹವಳವಿದೆ, ಅದನ್ನು ನೋಡಲೆಂದೇ ಮುರುಡೇಶ್ವರದಿಂದ ಡೈವಿಂಗ್ ದೋಣಿಗಳು ಹೋಗಿ ಬರುತ್ತವೆ. ನೌಕಾಪಡೆ ಈ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸುತ್ತಿದ್ದಾಗ ವಿಜ್ಞಾನಿಗಳೂ ಪರಿಸರದವರೂ ದನಿ ಎತ್ತಿದ್ದರು. ಆ ದನಿ ಸರಿಯಾಗಿಯೇ ಇತ್ತು. ಹಾಗಾದರೆ ಅದೇ ಬಂಡೆಗೆ ಡ್ರಿಲ್ ಇಟ್ಟು ಮೆಟ್ಟಿಲು ಕೊರೆಯುವ ಮಾತು ಬಂದಾಗ ಮಾತ್ರ ನಾವೆಲ್ಲ ಸಂತೋಷಪಡುವುದು ಯಾವ ನ್ಯಾಯ? ಗೂಡು ಬಿಟ್ಟು ಏಳುವ ಗಿಡುಗಕ್ಕೆ ಬಂದದ್ದು ಗುಂಡೋ ಸೆಲ್ಫಿ ತೆಗೆಯುವ ಗುಂಪೋ ಎಂಬ ಭೇದ ತಿಳಿಯದು. ಮೊಟ್ಟೆ ತಣ್ಣಗಾಗುವುದು ಎರಡರಲ್ಲೂ ಒಂದೇ.

ಮೊದಲು ನೋಟದ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಎದುರು ಪಕ್ಷದವರ ವಾದವೆಲ್ಲ ನಿಂತಿರುವುದು ದೂರದಿಂದ ಏನೂ ಕಾಣುವುದಿಲ್ಲ ಎಂಬ ನಂಬಿಕೆಯ ಮೇಲೆ. ಮುರುಡೇಶ್ವರದ ರಾಜಗೋಪುರ 20 ಅಂತಸ್ತಿನದು, ಎತ್ತರ 237 ಅಡಿ. ಲಿಫ್ಟಿನಲ್ಲಿ ಮೇಲೆ ಹೋದವರು ಕಿಟಕಿಗೆ ಮುಗಿಬಿದ್ದು ಶಿವನ ವಿಗ್ರಹದ ಫೋಟೋ ತೆಗೆಯುತ್ತಾರೆ, ಅದರ ಜೊತೆ ತಮ್ಮದೊಂದು ತೆಗೆಯುತ್ತಾರೆ, ಇಳಿಯುತ್ತಾರೆ. ಕಡಲಿಗೆ ಮುಖ ಮಾಡಿ ನಿಂತವರ ಎಡಕ್ಕೆ, ದಿಗಂತದ ಅಂಚಿನಲ್ಲಿ ಕೂತಿರುವ ನೀಲಿ ಗುಡ್ಡದ ಕಡೆ ಬೆರಳು ತೋರಿಸುವವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಬೇಸಿಗೆಯ ಮಧ್ಯಾಹ್ನ ಮಬ್ಬು ಕವಿದು ಅದು ಕಾಣದೇ ಹೋಗುವುದೂ ಉಂಟು. ಮಳೆಗಾಲ ಹಿಂದೆ ಸರಿದು ಆಕಾಶ ತೊಳೆದಂತಾದ ದಿನಗಳಲ್ಲಿ ಬೆಳಿಗ್ಗೆ ಹೋದರೆ ಅದರ ಬಂಡೆಯ ಬಣ್ಣಕ್ಕೂ ಮೇಲಿನ ಹಸಿರಿಗೂ ನಡುವಿನ ಗೆರೆ ಬರಿಗಣ್ಣಿಗೇ ಸಿಗುತ್ತದೆ.

ಈಗ ಗೋಪುರ ಇಳಿದು ಮರಳಿನ ಮೇಲೆ ನಿಂತು ಅದನ್ನೇ ಮತ್ತೆ ನೋಡಿ. ದ್ವೀಪ ಕುಳ್ಳಾಗಿದೆ. ಇದು ಕಣ್ಣಿನ ಭ್ರಮೆಯಲ್ಲ. ದಂಡೆಯಲ್ಲಿ ನಿಂತ ಮನುಷ್ಯನ ಕಣ್ಣಿಗೆ ದಿಗಂತ ಇರುವುದು ನಾಲ್ಕೂವರೆ ಕಿಲೋಮೀಟರಿನಷ್ಟು ದೂರದಲ್ಲಿ. ಅದರಾಚೆ ಕಡಲು ಭೂಮಿಯ ಜೊತೆ ಬಾಗಿ ಕೆಳಗಿಳಿಯುತ್ತದೆ. 19 ಕಿ.ಮೀ. ಆಚೆಯ ನೇತ್ರಾಣಿಯ ಬುಡದ 15 ಮೀಟರಿನಷ್ಟು ಭಾಗ ಆ ಬಾಗಿನ ಹಿಂದೆ ಮರೆಯಾಗಿರುತ್ತದೆ. ಗೋಪುರದ ಮೇಲಿಂದಲಾದರೆ ದಿಗಂತ 30 ಕಿ.ಮೀ. ಆಚೆಗೆ ಸರಿಯುವುದರಿಂದ ಅಲೆ ಬಡಿಯುವ ಬುಡದವರೆಗೂ ದ್ವೀಪ ಇಡಿಯಾಗಿ ಕಣ್ಣಿಗೆ ಬೀಳುತ್ತದೆ. ಭೂಮಿ ದುಂಡಗಿದೆ ಎಂದು ಪಾಠದಲ್ಲಿ ಓದಿದ ಮಗುವಿಗೆ ಅದನ್ನು ಕಣ್ಣಾರೆ ತೋರಿಸಲು ಉತ್ತರ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಲಾಂಚಿನಲ್ಲಿ ಹೋಗಿ ದ್ವೀಪದ ಮೇಲೆ ಇಳಿದವನಿಗೆ ಈ ಪಾಠ ದಕ್ಕುವುದಿಲ್ಲ. ಅವನಿಗೆ ದ್ವೀಪವೂ ಕಾಣುವುದಿಲ್ಲ. ಕಾಲಡಿಯ ಬಂಡೆ, ಮುಂದಿನವನ ಬೆನ್ನು, ಪೊದೆ, ಅಷ್ಟೇ. ನೇತ್ರಾಣಿ ಹೃದಯದ ಆಕಾರದಲ್ಲಿದೆ ಎಂದು ಎಲ್ಲ ಜಾಹೀರಾತುಗಳೂ ಹೇಳುತ್ತವೆ. ಆ ಆಕಾರ ಗೊತ್ತಾದದ್ದು ಆಕಾಶದಿಂದ ನೋಡಿದವರಿಗೆ. ಅದರ ಮೇಲೆ ನಿಂತ ಯಾರಿಗೂ ಅದು ಕಂಡಿಲ್ಲ, ಕಾಣುವುದೂ ಇಲ್ಲ.

ಜೆಟ್ಟಿ ಬೇಕು ಎನ್ನುವವರಿಗೆ ನಾನು ಯಾವಾಗಲೂ ಐಸ್‌ಲ್ಯಾಂಡಿನ ಸುರ್ಟ್ಸಿಯ ಕಥೆ ಹೇಳುತ್ತೇನೆ. 1963ರ ನವೆಂಬರ್ 14ರ ಬೆಳಿಗ್ಗೆ ಆ ದೇಶದ ದಕ್ಷಿಣ ಕಡಲಲ್ಲಿ ಮೀನು ಹಿಡಿಯುತ್ತಿದ್ದ ಒಂದು ದೋಣಿಯವರು ದೂರದಲ್ಲಿ ಹೊಗೆ ಏಳುವುದನ್ನು ಕಂಡು, ಯಾವುದೋ ಹಡಗಿಗೆ ಬೆಂಕಿ ಬಿದ್ದಿರಬೇಕೆಂದು ಅತ್ತ ತಿರುಗಿದರು. ಹಡಗಿರಲಿಲ್ಲ. 130 ಮೀಟರ್ ಆಳದ ಕಡಲ ತಳದಲ್ಲಿ ಜ್ವಾಲಾಮುಖಿ ಬಾಯಿ ತೆರೆದು ಹೊಸ ನೆಲ ಮೇಲೇಳುತ್ತಿತ್ತು. ಅದು ನಿಂತದ್ದು 1967ರ ಜೂನ್‌ನಲ್ಲಿ. ಅಷ್ಟರಲ್ಲಿ 2.7 ಚದರ ಕಿ.ಮೀ. ವಿಸ್ತಾರದ ದ್ವೀಪ ಹುಟ್ಟಿತ್ತು. ಇನ್ನೂ ಬೂದಿ ಉಗುಳುತ್ತಿದ್ದಾಗಲೇ, 1963ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನ ಒಂದು ಪತ್ರಿಕೆಯ ವರದಿಗಾರರು ಜೀವದ ಹಂಗು ತೊರೆದು ಹೋಗಿ ಇಳಿದರು, ಸ್ವಲ್ಪ ಹೊತ್ತು ಇದ್ದು ಓಡಿಬಂದರು. ಮೊದಲ ಹೆಜ್ಜೆ ನಮ್ಮದಾಗಬೇಕು ಎಂಬ ಹಂಬಲ ರೀಲ್ಸ್ ಕಾಲದ್ದಲ್ಲ, ಅದು ಹಳೆಯದು.

ಆದರೆ ಐಸ್‌ಲ್ಯಾಂಡ್ ಸರ್ಕಾರ ಬೇರೆ ದಾರಿ ಹಿಡಿಯಿತು. 1965ರಲ್ಲೇ, ಲಾವಾ ಇನ್ನೂ ಹರಿಯುತ್ತಿದ್ದಾಗಲೇ, ದ್ವೀಪವನ್ನು ಕಾನೂನಿನ ರಕ್ಷಣೆಗೆ ಒಳಪಡಿಸಿ, ಅನುಮತಿ ಪಡೆದ ಕೆಲವೇ ಸಂಶೋಧಕರ ಹೊರತು ಯಾರೂ ಇಳಿಯಕೂಡದು ಎಂದು ವಿಧಿಸಿತು. ಹೋಗುವ ಸಂಶೋಧಕರೂ ಬಟ್ಟೆ, ಚೀಲ, ಬೂಟಿನ ತಳದಲ್ಲಿ ಬೀಜ ಅಂಟಿಕೊಂಡಿಲ್ಲ ಎಂದು ತಪಾಸಣೆ ಮಾಡಿಕೊಂಡೇ ಹೋಗಬೇಕು. ಬರಡು ಬಂಡೆಯ ಮೇಲೆ ಜೀವ ತಾನಾಗಿ ಹೇಗೆ ನೆಲೆಯೂರುತ್ತದೆ ಎಂದು ತಿಳಿಯಲು ಜಗತ್ತಿಗೆ ಸಿಕ್ಕ ಅಪರೂಪದ ಅವಕಾಶ ಅದು. 1965ರಲ್ಲಿ ದಂಡೆಯ ಮೇಲೊಂದು ಕಡಲಂಚಿನ ಸಸಿ ಮೊಳೆಯಿತು, 1970ರಲ್ಲಿ ಮೊದಲ ಹಕ್ಕಿಗಳು ಗೂಡು ಮಾಡಿದವು, ಹಕ್ಕಿಗಳ ಹಿಕ್ಕೆಯಿಂದ ಬೂದಿ ಮಣ್ಣಾಯಿತು, ಮಣ್ಣಿನಲ್ಲಿ ಹುಲ್ಲು ಹಬ್ಬಿತು. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ ಒಮ್ಮೆ ಅಲ್ಲೊಂದು ಟೊಮೆಟೊ ಗಿಡ ಎದ್ದಿತು. ವಿಚಾರಿಸಿದರೆ, ಯಾರೋ ಒಬ್ಬರು ಅಲ್ಲಿ ಬಹಿರ್ದೆಸೆಗೆ ಕೂತಿದ್ದರು. ಅವರು ತಿಂದ ಟೊಮೆಟೊದ ಬೀಜ ಹೊಟ್ಟೆಯಿಂದ ಜೀವಂತವಾಗಿ ಹೊರಬಂದು ಮೊಳೆತಿತ್ತು. ಗಿಡವನ್ನು ಕಿತ್ತು ತೆಗೆದರು. ಅನುಮತಿ ಪತ್ರ, ತಪಾಸಣೆ, ವರ್ಷಗಟ್ಟಲೆಯ ಶಿಸ್ತು ಎಲ್ಲ ಇರುವ ಬೆರಳೆಣಿಕೆಯ ಜನರಿಂದಲೇ ಇದಾಯಿತು. ದಿನಕ್ಕೆ ನಾಲ್ಕು ಲಾಂಚು ಬಿಟ್ಟರೆ ಏನಾಗಬಹುದು? ಚುರುಮುರಿ ಪೊಟ್ಟಣ, ಮಾವಿನ ಗೊರಟು, ಬಟ್ಟೆಗೆ ಅಂಟಿದ ಉತ್ತರಣೆ ಬೀಜ, ಐಸ್‌ಬಾಕ್ಸಿನ ಮೂಲೆಯಲ್ಲಿ ಸೇರಿಕೊಂಡ ಇರುವೆ, ಲಾಂಚಿನ ಹಗ್ಗ ಹಿಡಿದು ದಾಟುವ ಇಲಿ. ನೆಲದ ಮೇಲಿನ ಬೇಟೆಗಾರರನ್ನು ಕಂಡೇ ಇರದ ಹಕ್ಕಿಗಳ ನಡುವೆ ಒಂದು ಜೋಡಿ ಇಲಿ ಸೇರಿಕೊಂಡರೆ ಆಮೇಲೆ ಅದನ್ನು ಯಾವ ಸಮಿತಿಯೂ ಸರಿಪಡಿಸಲಾರದು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಬೆಳಗಿತು. ದೀಪಸ್ತಂಭದ ಜನರ ಜೊತೆ ಬೆಕ್ಕೂ ಬಂತು. ಹಾರಲು ಬಾರದ ಒಂದು ಪುಟ್ಟ ಹಕ್ಕಿ ಅದೇ ದ್ವೀಪದಲ್ಲಿ ಉಳಿದುಕೊಂಡಿತ್ತು. ವಿಜ್ಞಾನ ಅದಕ್ಕೊಂದು ಹೆಸರಿಡುವ ಹೊತ್ತಿಗೆ ಅದು ಮುಗಿದುಹೋಗುವ ಹಂತಕ್ಕೆ ಬಂದಿತ್ತು. ಇಂದು ಅದು ಎಲ್ಲೂ ಇಲ್ಲ.

ಸುರ್ಟ್ಸಿಗೆ ಹೋಗಲಾರದ ಜನ ಏನು ಮಾಡುತ್ತಾರೆ? ಪಕ್ಕದ ಹೇಮಾಯ್ ದ್ವೀಪದ ದಕ್ಷಿಣ ತುದಿಗೆ, ದೀಪಸ್ತಂಭವಿರುವ ಸ್ಟೋರ್‌ಹೊವ್ದಿ ಎಂಬ ಗುಡ್ಡಕ್ಕೆ ಹೋಗಿ ನಿಲ್ಲುತ್ತಾರೆ. ಯುರೋಪಿನಲ್ಲೇ ಅತಿ ಹೆಚ್ಚು ಗಾಳಿ ಬೀಸುವ ಜಾಗಗಳಲ್ಲಿ ಒಂದು ಎಂದು ಅದಕ್ಕೆ ಹೆಸರು. ಅಲ್ಲಿಂದ ಸುರ್ಟ್ಸಿಗೆ ಇರುವ ದೂರ ಸುಮಾರು 19 ಕಿ.ಮೀ., ಅಂದರೆ ಮುರುಡೇಶ್ವರದಿಂದ ನೇತ್ರಾಣಿಗೆ ಇರುವಷ್ಟೇ. ಹೇಮಾಯಿನ ಎಲ್ಡ್‌ಹೇಮರ್ ವಸ್ತುಸಂಗ್ರಹಾಲಯದಲ್ಲಿ ಸುರ್ಟ್ಸಿಯ ಹುಟ್ಟು ಮತ್ತು ಬದುಕಿನ ಪ್ರದರ್ಶನವಿದೆ. ಬೇಕಾದವರು ದೋಣಿಯಲ್ಲಿ ದ್ವೀಪದ ಸುತ್ತ ಹೋಗಿ ಬರಬಹುದು, ಇಳಿಯುವಂತಿಲ್ಲ. ಕಡಲು ಕೊರೆದು ಕೊರೆದು ದ್ವೀಪ ಈಗ ಹುಟ್ಟಿದಾಗಿನ ಅರ್ಧದಷ್ಟೇ ಉಳಿದಿದೆ. ದಶಕಗಳ ಕಾಲ ಅದೇ ಗುಡ್ಡದಿಂದ ನೋಡುತ್ತ ಬಂದ ಹೇಮಾಯಿನ ಮುದುಕರಿಗೆ ಆ ಸವಕಳಿ ಕಣ್ಣಳತೆಯಲ್ಲೇ ಗೊತ್ತಿರಬೇಕು. ಒಂದು ಮಧ್ಯಾಹ್ನಕ್ಕೆ ಇಳಿದು ಹೋಗುವ ಪ್ರವಾಸಿಗೆ ಅದು ಹೇಗೆ ಗೊತ್ತಾದೀತು?

ಎದುರು ಪಕ್ಷದಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಅವರು ಹೇಳುವುದು ಹೀಗೆ: ಜನ ಹೋಗಿ ನೋಡಲಿ, ನೋಡಿದರೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದರೆ ಅವರೇ ಉಳಿಸುತ್ತಾರೆ. ಕೇಳಲು ಚೆಂದ. ಥಾಯ್ಲೆಂಡಿನ ಪಿ ಪಿ ಲೇ ಎಂಬ ನಿರ್ಜನ ದ್ವೀಪದ ಮಾಯಾ ಕೊಲ್ಲಿಯನ್ನು ಜಗತ್ತು ಪ್ರೀತಿಸಿದಷ್ಟು ಬೇರೆ ಕೊಲ್ಲಿಯನ್ನು ಪ್ರೀತಿಸಿರಲಾರದು. 2000ದಲ್ಲಿ ತೆರೆಕಂಡ ಹಾಲಿವುಡ್ ಚಿತ್ರ 'ದಿ ಬೀಚ್' ಅಲ್ಲಿ ಚಿತ್ರೀಕರಣವಾದ ಮೇಲೆ ದಿನಕ್ಕೆ 5,000 ಜನ ಆ ಪುಟ್ಟ ದಂಡೆಗೆ ಇಳಿಯುವ ಕಾಲ ಬಂತು. ದೋಣಿಗಳ ಲಂಗರು, ಪ್ರೊಪೆಲ್ಲರ್, ಈಜುವವರ ಮೈಯ ಸನ್‌ಸ್ಕ್ರೀನ್ ಎಲ್ಲ ಸೇರಿ ಹವಳವನ್ನು ಕೊಂದವು. 2018ರ ಜೂನ್‌ನಲ್ಲಿ ಸರ್ಕಾರ ಕೊಲ್ಲಿಯನ್ನೇ ಮುಚ್ಚಿತು. ಕೆಲವು ತಿಂಗಳಿಗೆಂದು ಮುಚ್ಚಿದ್ದು 2022ರ ಜನವರಿಯವರೆಗೆ ತೆರೆಯಲಾಗಲಿಲ್ಲ. ಅಷ್ಟು ಕಾಲ ಹವಳವನ್ನು ಕೈಯಾರೆ ಮತ್ತೆ ನೆಟ್ಟರು. ಮನುಷ್ಯರು ಇಲ್ಲದಾದ ಮೇಲೆ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ತಾವಾಗಿ ಮರಳಿದವು. ಈಗ ಕೊಲ್ಲಿಯೊಳಗೆ ದೋಣಿ ಬರುವಂತಿಲ್ಲ, ಜನಸಂಖ್ಯೆಗೆ ಮಿತಿ ಇದೆ. ಪ್ರೀತಿಸಿದವರು ಅದನ್ನು ಉಳಿಸಲಿಲ್ಲ. ಅವರನ್ನು ಹೊರಗಿಟ್ಟಾಗ ಅದು ಉಳಿಯಿತು.

ಅಷ್ಟು ದೂರ ಯಾಕೆ, ಮಲ್ಪೆಗೆ ಬನ್ನಿ. ಸೇಂಟ್ ಮೇರೀಸ್, ನಮ್ಮ ಜನರ ತೋನ್ಸೆಪಾರ್, ದೋಣಿಯಲ್ಲಿ ಹೋಗಿ ಇಳಿಯಬಹುದಾದ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕಂಬಕಂಬವಾಗಿ ಸೀಳಿ ನಿಂತ ಜಾಗ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದೋಣಿ ಇಳಿದ ಜನ ಅಲ್ಲಿ ಏನು ನೋಡುತ್ತಾರೆ ಎಂಬುದನ್ನು ನೋಡುತ್ತ ನಿಂತಿದ್ದೇನೆ. ಕಂಬಗಳನ್ನು ಮುಟ್ಟಿ ಇದೇನು ಎಂದು ಕೇಳುವವರು ವಿರಳ. ಆರು ಮುಖದ ಕಂಬದ ನೆತ್ತಿ ಕಾಲು ಚಾಚಲು ಹದವಾಗಿರುತ್ತದೆ, ಅದರ ಮೇಲೆ ಕೂತು ಚಿಪ್ಸ್ ತಿನ್ನುತ್ತಾರೆ, ಅಲೆ ಬಂದಾಗ ಕಿರುಚುತ್ತಾರೆ, ವಾಪಸ್ ದೋಣಿಗೆ ಕ್ಯೂ ನಿಲ್ಲುತ್ತಾರೆ. ಬಂಡೆಯ ಮೇಲಿಂದ ಜಾರಿ ಜೀವ ಕಳೆದುಕೊಂಡವರೂ ಇದ್ದಾರೆ. ಹತ್ತಿರ ಹೋದರೆ ಅರಿವು ತಾನಾಗಿ ಬರುತ್ತದೆ ಎಂದು ಹೇಳುವವರು ಒಂದು ಭಾನುವಾರ ಅಲ್ಲಿ ಕಳೆದು ಬಂದು ನನ್ನೊಡನೆ ವಾದಿಸಲಿ.

ಇನ್ನು ನನ್ನ ನಿಲುವಿಗೆ ಬರುವ ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದಕ್ಕೆ ಬರುತ್ತೇನೆ. ಅದನ್ನು ಎತ್ತಿದವರು ನನ್ನ ಗೆಳೆಯರೇ. 'ದೂರ ನಿಂತು ನೋಡು, ಒಳಗೆ ಬರಬೇಡ' ಎಂಬ ಮಾತು ಈ ನಾಡಿಗೆ ಹೊಸದೇ? ನೂರಾರು ವರ್ಷ ದೇವಸ್ಥಾನದ ಹೊರಗೆ, ಕೆರೆಯ ಆಚೆಗೆ, ಮನೆಯ ಅಂಗಳದಾಚೆಗೆ ಜನರನ್ನು ನಿಲ್ಲಿಸಿದ್ದು ಇದೇ ಮಾತು. ಉಡುಪಿಯ ಕನಕನ ಕಿಂಡಿಯ ಕಥೆಯನ್ನು ಭಕ್ತಿಯ ಮಹಿಮೆಯಾಗಿ ಹೇಳುತ್ತೇವೆ. ಆದರೆ ಕನಕದಾಸರು ಹಿಂಬದಿಯ ಗೋಡೆಯ ಬಳಿ ಯಾಕೆ ನಿಲ್ಲಬೇಕಾಯಿತು ಎಂಬ ಪ್ರಶ್ನೆ ಆ ಕಥೆಯೊಳಗೇ ಇದೆ. 1927ರಲ್ಲಿ ಅಂಬೇಡ್ಕರ್ ಮಹಾಡಿನ ಕೆರೆಗೆ ಇಳಿದು ನೀರು ಮುಟ್ಟಿದ್ದು ಇದೇ ಮಾತಿನ ವಿರುದ್ಧ. ಹಾಗಿರುವಾಗ ಮುಟ್ಟಬೇಡ, ದೂರದಿಂದ ನೋಡು ಎಂದು ಬೋಧಿಸುವ ನಾನು ಯಾರ ಪರವಾಗಿ ಮಾತಾಡುತ್ತಿದ್ದೇನೆ?

ಈ ಪ್ರಶ್ನೆಯನ್ನು ಹಗುರವಾಗಿ ದಾಟಲಾಗದು. ನನ್ನ ಉತ್ತರ ಇದು. ಮಹಾಡಿನ ಕೆರೆ ಸಾರ್ವಜನಿಕರದಾಗಿತ್ತು. ಅದರ ನೀರನ್ನು ದನಕರುಗಳು ಕುಡಿಯುತ್ತಿದ್ದವು, ಮೇಲ್ಜಾತಿಯವರು ಕುಡಿಯುತ್ತಿದ್ದರು, ಕೆಲವರು ಮಾತ್ರ ಕುಡಿಯಬಾರದಾಗಿತ್ತು. ಅಸ್ಪೃಶ್ಯತೆಯ ಜೀವಾಳವೇ ಅದು: ಒಳಗೆ ಒಬ್ಬ ಇರುತ್ತಾನೆ, ಹೊರಗೆ ಒಬ್ಬನನ್ನು ನಿಲ್ಲಿಸುತ್ತಾನೆ. ಕನಕದಾಸರು ಹೊರಗೆ ನಿಂತಾಗ ಒಳಗೆ ಜನ ಇದ್ದರು. ನೇತ್ರಾಣಿಯ ಒಳಗೆ ಯಾರಿದ್ದಾರೆ? ಎಲ್ಲರೂ ಹೊರಗಿರುವ ಕಡೆ ಯಾರನ್ನೂ ಹೊರಗಿಟ್ಟಂತಾಗುವುದಿಲ್ಲ. ಈ ನಿಯಮ ಒಬ್ಬ ಮಂತ್ರಿಯ ಅತಿಥಿಗಾಗಿ, ಒಬ್ಬ ಸಿನಿಮಾ ನಟನಿಗಾಗಿ ಸಡಿಲವಾದ ಕ್ಷಣಕ್ಕೆ ಅದು ಜಾತಿಯ ನಿಯಮವಾಗುತ್ತದೆ. ಹಾಗಾದ ದಿನ ಅದನ್ನು ಮುರಿಯುವವರ ಜೊತೆ ನಾನೂ ಇರುತ್ತೇನೆ.

ಜಪಾನಿನ ಒಕಿನೋಶಿಮಾ ದ್ವೀಪದ ಕಥೆ ಇಲ್ಲಿ ನೆನಪಾಗುತ್ತದೆ. ಕ್ಯೂಶೂ ಕರಾವಳಿಯಿಂದ ಸುಮಾರು 60 ಕಿ.ಮೀ. ದೂರದ, ಸರದಿಯ ಮೇಲೆ ಒಬ್ಬ ಅರ್ಚಕನ ಹೊರತು ಯಾರೂ ಇಲ್ಲದ ಪವಿತ್ರ ದ್ವೀಪ. ಹೆಂಗಸರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಗಂಡಸರಿಗೆ ಮಾತ್ರ, ವರ್ಷಕ್ಕೊಮ್ಮೆ ಮೇ 27ರಂದು, 200ರಷ್ಟು ಜನರಿಗೆ, ಕಡಲಲ್ಲಿ ಮಿಂದು ಇಳಿಯಲು ಅವಕಾಶವಿತ್ತು. ಅದು ಶುದ್ಧ ಅನ್ಯಾಯ, ಅದನ್ನು ಯಾವ ಸಂಪ್ರದಾಯದ ಹೆಸರಿನಲ್ಲೂ ನಾನು ಸಮರ್ಥಿಸಲಾರೆ. 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, 2018ರಿಂದ, ಗಂಡಸರ ಆ ಯಾತ್ರೆಯೂ ನಿಂತಿತು. ಈಗ ಸಾಮಾನ್ಯ ಭಕ್ತರಿಗೆ ಇರುವುದು ಓಶಿಮಾ ಎಂಬ ಮತ್ತೊಂದು ದ್ವೀಪದ ದಂಡೆಯಲ್ಲಿರುವ ಪುಟ್ಟ ಮಂದಿರ. ದೂರದಿಂದ ಪೂಜಿಸಲೆಂದೇ ಕಟ್ಟಿದ್ದು ಅದು. ಸುಮಾರು 50 ಕಿ.ಮೀ. ಆಚೆಯ ಒಕಿನೋಶಿಮಾ ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಕಾಣುತ್ತದೆ. ಕಾಣದ ದಿನವೂ ಜನ ಅತ್ತ ಕೈಮುಗಿದು ಹೋಗುತ್ತಾರೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರೂ ಈಗ ಒಂದೇ ದಡದಲ್ಲಿದ್ದಾರೆ.

ಹಾಗೆ ನೋಡಿದರೆ ಬೇಲಿ ಹಾಕುವುದು ಜೆಟ್ಟಿ ಬೇಕು ಎನ್ನುವವರೇ. ಜೆಟ್ಟಿ ಬಂದ ಹಿಂದೆಯೇ ಟೆಂಡರ್ ಬರುತ್ತದೆ, ಟೆಂಡರಿನ ಹಿಂದೆ ರೆಸಾರ್ಟು, ರೆಸಾರ್ಟಿನ ಹಿಂದೆ ಗೇಟು. ಒಂದು ರಾತ್ರಿಗೆ ಮೀನುಗಾರನ ತಿಂಗಳ ಸಂಪಾದನೆ ಕೊಡಬಲ್ಲವನು ಒಳಗೆ, ಮೀನುಗಾರ ಹೊರಗೆ. ಇಂದು ಗೋಪುರದ ಮೇಲಿಂದ, ಮರಳಿನ ಮೇಲಿಂದ, ದುಡ್ಡಿದ್ದವನೂ ಇಲ್ಲದವನೂ ಸಮನಾಗಿ ನೋಡುತ್ತಿರುವ ದ್ವೀಪ ಅಂದು ಇಬ್ಭಾಗವಾಗುತ್ತದೆ.

ಕಡಲಿಗೆ ಹೋಗುವ ಕುಟುಂಬಗಳಿಗೆ ನೇತ್ರಾಣಿಯ ಜೊತೆ ಹಳೆಯ ನಂಟಿದೆ. ಹರಕೆ ಹೊತ್ತು ಹೋಗುವುದು, ಆಡು ಬಿಟ್ಟು ಬರುವುದು ಅವರ ಪದ್ಧತಿ. ಆಡುಗಳು ಮೇಯ್ದರೆ ಎಳೆ ಸಸಿ ಉಳಿಯುವುದಿಲ್ಲ, ಆ ಬಗ್ಗೆ ನನಗೆ ಕಳವಳವಿದೆ, ಅದನ್ನು ಅವರೊಡನೆ ಕೂತು ಮಾತಾಡಬೇಕು. ಆದರೆ ಹರಕೆಯ ದೋಣಿಯನ್ನೂ ದಿನನಿತ್ಯದ ಲಾಂಚನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಒಬ್ಬ ತನ್ನ ದೈವಕ್ಕೆ ಹೆದರಿ ಹೋಗುತ್ತಾನೆ, ಕೆಲಸ ಮುಗಿಸಿ ಬರುತ್ತಾನೆ. ಇನ್ನೊಬ್ಬನಿಗೆ ಹೆದರಲು ಏನೂ ಇಲ್ಲ. ಡೈವಿಂಗ್ ದೋಣಿಗಳ ಮೇಲೂ ನನಗೆ ಸಿಟ್ಟಿಲ್ಲ. ಅವರು ನೀರಿಗಿಳಿಯುತ್ತಾರೆ, ಬಂಡೆ ಹತ್ತುವುದಿಲ್ಲ. ಹವಳದ ಮೇಲೆ ಲಂಗರು ಎಸೆಯದೆ ತೇಲುಬುಂಡೆಗೆ ದೋಣಿ ಕಟ್ಟುವ ವ್ಯವಸ್ಥೆ ಎಲ್ಲ ಕಡೆ ಆಗಲಿ, ದಿನದ ದೋಣಿಗಳಿಗೆ ಮಿತಿ ಇರಲಿ, ಸಾಕು.

ಹೊಟ್ಟೆಪಾಡಿನ ಮಾತು ಹೇಳುವವರಿಗೆ ನಾನು ಕೇಳುವುದು ಬೇರೆ ಬಗೆಯ ಕೆಲಸ. ಮುರುಡೇಶ್ವರದ ದಂಡೆಯಲ್ಲಿ ನೇತ್ರಾಣಿಯ ಕಡೆ ಮುಖ ಮಾಡಿದ ಒಂದು ನೋಟದ ಕಟ್ಟೆ ಬೇಕು. ಅಲ್ಲಿ ನಾಲ್ಕಾರು ಒಳ್ಳೆಯ ದೂರದರ್ಶಕಗಳು. ಒಂದು ಮಕ್ಕಳ ಎತ್ತರಕ್ಕೆ, ಒಂದು ಗಾಲಿಕುರ್ಚಿಯಲ್ಲಿ ಬಂದವರಿಗೆ ಎಟುಕುವಂತೆ. ಲಾಂಚು ಹತ್ತಿ ಬಂಡೆ ಏರುವ ಯೋಜನೆಯಲ್ಲಿ ಮುದುಕರಿಗೆ, ನಡೆಯಲಾರದವರಿಗೆ ಜಾಗವೇ ಇಲ್ಲ ಎಂಬುದನ್ನು ಪ್ರವಾಸೋದ್ಯಮದ ನಕ್ಷೆ ಬರೆಯುವವರು ಯೋಚಿಸಿದಂತಿಲ್ಲ. ಕಟ್ಟೆಯ ಮೇಲೆ ಕನ್ನಡದಲ್ಲೊಂದು ಫಲಕ: ಗಿಡುಗ ಯಾವ ತಿಂಗಳಲ್ಲಿ ಗೂಡು ಕಟ್ಟುತ್ತದೆ, ದ್ವೀಪದ ಬುಡ ಯಾಕೆ ಕಾಣುತ್ತಿಲ್ಲ, ಗೋಪುರ ಹತ್ತಿದರೆ ಯಾಕೆ ಕಾಣುತ್ತದೆ. ದೂರದರ್ಶಕದ ಪಕ್ಕ ನಿಂತು ಹೇಳಲು ಹರಿಕಾಂತರ, ಖಾರ್ವಿ, ಮೊಗವೀರ, ನವಾಯತ ಮನೆಗಳ ಹುಡುಗ ಹುಡುಗಿಯರು, ಸಂಬಳಕ್ಕೆ. ಅಜ್ಜ ಯಾವ ಗಾಳಿಯಲ್ಲಿ ನೇತ್ರಾಣಿಯನ್ನು ಗುರುತು ಮಾಡಿಕೊಂಡು ಮನೆಗೆ ದೋಣಿ ತಿರುಗಿಸುತ್ತಿದ್ದ ಎಂಬುದು ಅವರ ಮನೆಯಲ್ಲಿ ಕೇಳಿದ ಮಾತು, ಬೆಂಗಳೂರಿನ ಯಾವ ಏಜೆನ್ಸಿಯ ಗೈಡಿಗೂ ಅದು ಗೊತ್ತಿಲ್ಲ. ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳಲ್ಲೂ ಆ ಸಂಬಳ ನಿಲ್ಲಬಾರದು; ಕಡಲು ಕಪ್ಪಾಗಿ ದ್ವೀಪ ಕಾಣದ ಆ ದಿನಗಳಲ್ಲಿ ಶಾಲೆಗಳಿಗೆ ಹೋಗಿ ಅವರು ಇದನ್ನೇ ಹೇಳಲಿ. ಜೆಟ್ಟಿಗೆ ಸುರಿಯುವ ಹಣದ ಒಂದು ಸಣ್ಣ ಪಾಲಿನಲ್ಲಿ ಇಷ್ಟೂ ಆಗುತ್ತದೆ, ಮುಂದಿನ ಬಜೆಟ್ಟಿನ ಹೊತ್ತಿಗೆ ಭಟ್ಕಳದ ಜನ ತಮ್ಮ ಪ್ರತಿನಿಧಿಗಳ ಮುಂದೆ ಇಡಬೇಕಾದ ಬೇಡಿಕೆ ಇದೇ.